ಬೆಟರ್ ಪ್ಲೇಸ್ ಕಂಪನಿಯ ಏಳುಬೀಳು: ಬ್ಯಾಟರಿ ಬದಲಾವಣೆಯ ಲೆಕ್ಕಾಚಾರ

ವಿದ್ಯುತ್ ವಾಹನಗಳ ಚರಿತ್ರೆಯಲ್ಲಿ ಬೆಟರ್ ಪ್ಲೇಸ್ ಕಂಪನಿಯ ಹೆಸರು ಬಹುಮಟ್ಟಿಗೆ ಅತಿಯಾಸೆಯ ನಿದರ್ಶನವಾಗಿಯೇ ಬರುತ್ತದೆ. ಅಷ್ಟು ವಿವರಣೆ ಸಾಲದು. ಕಂಪನಿಯ ಮೂಲ ಕಲ್ಪನೆ ಗಟ್ಟಿಯಾಗಿತ್ತು, ಆದರೆ ಅದು ಆರಿಸಿಕೊಂಡ ವಾಹನವೂ ಗಿರಾಕಿಯೂ ಆ ಕಲ್ಪನೆಗೆ ಒಗ್ಗಲಿಲ್ಲ ಎಂಬುದು ಈ ಲೇಖನದ ವಾದ.

ಸ್ಯಾಪ್ ಸಾಫ್ಟ್‌ವೇರ್ ಸಂಸ್ಥೆಯ ಹಿರಿಯ ಹುದ್ದೆ ಬಿಟ್ಟು ಬಂದ ಶಾಯ್ ಅಗಾಸಿ 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕಟ್ಟಿದರು. ವಿದ್ಯುತ್ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದರ ಒಡೆತನ ಕಂಪನಿಯ ಬಳಿಯೇ ಇರಲಿ, ಮೊಬೈಲ್ ಕಂಪನಿಗಳು ಮಾತಿನ ನಿಮಿಷ ಮಾರುವ ಹಾಗೆ ನಾವು ಓಡುವ ದೂರ ಮಾರೋಣ ಎಂಬುದು ಅವರ ಯೋಚನೆ. ಮೊದಲ ಪ್ರಯೋಗ ಇಸ್ರೇಲಿನಲ್ಲಿ. ಅಲ್ಲಿನ ಅಧ್ಯಕ್ಷ ಶಿಮೋನ್ ಪೆರೆಸ್ ಬೆನ್ನಿಗೆ ನಿಂತರು, 2008ರಲ್ಲಿ ರೆನೊ-ನಿಸ್ಸಾನ್ ಜೊತೆ ಒಪ್ಪಂದವಾಯಿತು. ಆಮೇಲೆ ಡೆನ್ಮಾರ್ಕ್. ಹೂಡಿಕೆದಾರರಿಂದ ಸುಮಾರು 85 ಕೋಟಿ ಡಾಲರ್ ಹರಿದುಬಂತು.

ದಾರಿಯಲ್ಲಿ ಚಾರ್ಜ್ ಮುಗಿದರೆ ಬ್ಯಾಟರಿಯನ್ನೇ ಬದಲಿಸಿಕೊಡುವ ಕೇಂದ್ರಗಳ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಇದನ್ನು ಒತ್ತಿ ಹೇಳಬೇಕು. ರೆನೊ ಫ್ಲೂಯೆನ್ಸ್ ಕಾರು ಕೇಂದ್ರದೊಳಗೆ ಬಂದು ನಿಂತರೆ ಅಡಿಯಿಂದ ವೇದಿಕೆಯೊಂದು ಮೇಲೇರಿ, ಹಿಂದಿನ ಸೀಟಿನ ಬೆನ್ನಿಗಿದ್ದ ಸುಮಾರು 250 ಕಿಲೋ ತೂಕದ ಬ್ಯಾಟರಿಯ ಕೊಂಡಿ ಬಿಚ್ಚಿ ಇಳಿಸಿಕೊಂಡು, ಚಾರ್ಜ್ ಆದ ಇನ್ನೊಂದನ್ನು ಕೂರಿಸುತ್ತಿತ್ತು. ಐದು ನಿಮಿಷದ ಕೆಲಸ. ಚಾಲಕ ಕೂತಲ್ಲಿಂದ ಏಳಬೇಕಿರಲಿಲ್ಲ.

ಎಡವಿದ್ದು ಲೆಕ್ಕದಲ್ಲಿ. ಕೇಂದ್ರವೊಂದಕ್ಕೆ 5 ಲಕ್ಷ ಡಾಲರ್ ಎಂದು ಅಂದಾಜಿಸಿದ್ದರು. ತಗುಲಿದ್ದು 20 ಲಕ್ಷದ ಆಸುಪಾಸು. ಅಂಥ ಬಂಡವಾಳ ಮರಳಬೇಕಾದರೆ ಒಂದೇ ಆಕಾರದ ಬ್ಯಾಟರಿಯ ಕಾರುಗಳು ದಿನವಿಡೀ ಬರುತ್ತಿರಬೇಕು. ಬಂದದ್ದು ಫ್ಲೂಯೆನ್ಸ್ ಒಂದೇ. ತಮ್ಮ ಕಾರಿನ ವಿನ್ಯಾಸವನ್ನು ಹೊರಗಿನವರ ಯಂತ್ರಕ್ಕೆ ಹೊಂದಿಸಲು ಬೇರೆ ತಯಾರಕರು ಮುಂದಾಗಲಿಲ್ಲ. ಇಸ್ರೇಲ್ ಪುಟ್ಟ ದೇಶ, ಕಚೇರಿಗೆ ಹೋಗಿ ಬರುವವರಿಗೆ ಮನೆಯಲ್ಲಿ ರಾತ್ರಿ ಮಾಡಿದ ಚಾರ್ಜೇ ಸಾಕಾಗುತ್ತಿತ್ತು.

2012ರ ಅಕ್ಟೋಬರಿನಲ್ಲಿ ಅಗಾಸಿ ಅಧಿಕಾರ ಬಿಟ್ಟರು. 2013ರ ಮೇ 26ರಂದು ಕಂಪನಿಯ ಸಮಾಪನೆ ಕೋರಿ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಆ ಹೊತ್ತಿಗೆ ಎರಡೂ ದೇಶಗಳಲ್ಲಿ ರಸ್ತೆಗಿಳಿದ ಕಾರುಗಳು 1,500ಕ್ಕಿಂತ ಕಡಿಮೆ. ಬಂದ ಬಂಡವಾಳವನ್ನು ಹಂಚಿದರೆ ಕಾರಿಗೆ ಐದೂವರೆ ಲಕ್ಷ ಡಾಲರಿಗೂ ಹೆಚ್ಚು. ಕೇಂದ್ರಗಳಿಗೆ ಬೀಗ ಬಿದ್ದ ಮೇಲೂ ಮಾಲೀಕರು ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಓಡಿಸಿದರು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಇದೇ ಕಲ್ಪನೆ ಬೆಂಗಳೂರಿನಲ್ಲಿ ಮತ್ತೆ ಚಿಗುರಿದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ರೇವಾ ಕಾರು ರೂಪಿಸಿದ ಚೇತನ್ ಮೈನಿ 2017ರಲ್ಲಿ ಸಹಸ್ಥಾಪಕರಾಗಿ ಕಟ್ಟಿದ ಸನ್ ಮೊಬಿಲಿಟಿ ಆಟೊ ಮತ್ತು ದ್ವಿಚಕ್ರ ವಾಹನಗಳಿಗೂ ಬ್ಯಾಟರಿ ಬದಲಿಸಿಕೊಡುತ್ತದೆ. ಆಟೊ ಚಾಲಕರು ದಿನವಿಡೀ ಓಡಿಸುವವರು. ಚಾರ್ಜಿಗೆಂದು ನಿಲ್ಲಿಸಿದ ಪ್ರತಿ ಗಂಟೆಯೂ ದುಡಿಮೆಗೆ ಖೋತಾ. ಗಲ್ಲಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಮನೆಯ ಪ್ಲಗ್ಗೂ ಎಟುಕದು. ಇಲ್ಲಿ ವೇದಿಕೆ ಬೇಡ, ಯಂತ್ರದ ಕೈ ಬೇಡ. ಬೀರುವಿನಂಥ ಪೆಟ್ಟಿಗೆಯ ಮುಂದೆ ಆಟೊ ನಿಲ್ಲಿಸಿ, ಖಾಲಿಯಾದ ಬ್ಯಾಟರಿಗಳನ್ನು ಕೈಯಲ್ಲೇ ಎತ್ತಿ ಗೂಡಿಗೆ ತಳ್ಳಿ, ಚಾರ್ಜ್ ಆದವನ್ನು ಎಳೆದುಕೊಂಡು ಮುಂದಿನ ಬಾಡಿಗೆಗೆ ಹೊರಡುತ್ತಾರೆ.