ಫ್ರಿಜ್‌ಗೆ ನೀರಿನ ಪೈಪು, ಮುಂಬೈಗೆ ಕೆರೆ

ಪೊವಾಯಿ, ಐರೋಲಿ, ಮಲಾಡ್ ಕಡೆ ಕೆಲಸಕ್ಕೆ ಬಂದಿರೋ ನಮ್ಮವರಿಂದ ಈಚೆಗೆ ಒಂದು ದೂರು ಪದೇ ಪದೇ ಕೇಳ್ತಿದ್ದೀನಿ. ತಾನೇ ಐಸ್ ಮಾಡೋ, ಗ್ಲಾಸ್ ಹಿಡಿದರೆ ತಣ್ಣೀರು ಕೊಡೋ ದೊಡ್ಡ ಫ್ರಿಜ್ ತಂದಿದ್ದಾರೆ. ಹಿಂದುಗಡೆ ಪೈಪು ಜೋಡಿಸಿದ್ದೂ ಆಯ್ತು. ಆದ್ರೆ ನೀರು ದಾರದ ಹಾಗೆ ಇಳಿಯುತ್ತೆ, ಐಸಿನ ಅಚ್ಚು ಅರ್ಧಕ್ಕೇ ನಿಲ್ಲುತ್ತೆ. ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ಅಂಥದೇ ಫ್ರಿಜ್ ಚೆನ್ನಾಗಿ ನಡೀತಿದೆ! ಇದ್ಯಾಕೆ ಹೀಗೆ ಅಂತ ಹುಡುಕ್ತಾ ಹೋದ್ರೆ, ಹತ್ತೊಂಬತ್ತನೇ ಶತಮಾನಕ್ಕೆ ಹೋಗಿ ನಿಲ್ತೀವಿ.

ತಮಾಷೆ ನೋಡಿ, ಈ ಊರಿಗೆ ನಲ್ಲಿ ನೀರಿಗಿಂತ ಮೊದಲೇ ಐಸ್ ಬಂತು. ಅಮೆರಿಕದ ಬೋಸ್ಟನ್‌ನ ಫ್ರೆಡೆರಿಕ್ ಟ್ಯೂಡರ್, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳನ್ನು ಗರಗಸದಲ್ಲಿ ಕೊಯ್ಸಿ, ಹೊಟ್ಟು ಮುಚ್ಚಿ, ಹಡಗಿನಲ್ಲಿ ಕಳಿಸ್ತಿದ್ದ. 1833ರಲ್ಲಿ ಕಲ್ಕತ್ತೆಗೆ, ಮರುವರ್ಷ ಮುಂಬೈಗೆ. ಜಮ್‌ಶೆಟ್‌ಜಿ ಜೀಜೀಭಾಯ್ ಅವರು ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದ್ದು, ತಿಂದವರಿಗೆ ನೆಗಡಿ ಆಗಿದ್ದು ಈ ಊರಿನ ಹಳೇ ಕಥೆ. 1843ರಲ್ಲಿ ಕೋಟೆ ಪ್ರದೇಶದಲ್ಲಿ ಐಸ್ ಇಡೋಕೇ ಅಂತ ಒಂದು ಕಟ್ಟಡ ಎದ್ದಿತು. ಶ್ರೀಮಂತರು ಅಮೆರಿಕದ ಕೆರೆಯನ್ನು ಗ್ಲಾಸಿಗೆ ಹಾಕಿಕೊಳ್ತಿದ್ದಾಗ, ಉಳಿದ ಊರು ಬಾವಿ ಮತ್ತು ಕೆರೆ ನೀರು ಹೊತ್ತು ತರ್ತಿತ್ತು. ಧೋಬಿ ತಲಾವ್, ಸಿ.ಪಿ. ಟ್ಯಾಂಕ್, ಗೋವಾಲಿಯಾ ಟ್ಯಾಂಕ್ ಅನ್ನೋ ಹೆಸರುಗಳೆಲ್ಲ ಅಲ್ಲಿಂದಲೇ. ಇವತ್ತು ಅಲ್ಲಿ ಹನಿ ನೀರೂ ಇಲ್ಲ. ನಮ್ಮ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆದ ಹಾಗೆಯೇ.

1854ರಲ್ಲಿ ಮಳೆ ಕೈಕೊಟ್ಟಿತು, ನೀರಿಗೆ ಹಾಹಾಕಾರ ಎದ್ದಿತು. ಆಗ ಎಂಜಿನಿಯರ್ ಹೆನ್ರಿ ಕಾನಿಬೇರ್ ಅವರ ಯೋಜನೆಯಂತೆ ಮೀಠಿ ನದಿಯ ಮೂಲದಲ್ಲಿ ಕಟ್ಟೆ ಕಟ್ಟಿದರು. 1860ಕ್ಕೆ ವಿಹಾರ್ ಕೆರೆ ಸಿದ್ಧವಾಯ್ತು. ಪೈಪಿನಲ್ಲಿ ಊರಿಗೆ ನೀರು ಬಂತು. ಆದರೆ ಗಿರಣಿಗಳು ಬಂದವು, ಜನ ಬಂದರು, ವಿಹಾರ್ ಸಾಲದೆ ಹೋಯ್ತು. 1879ಕ್ಕೆ ತುಳಸಿ, 1892ಕ್ಕೆ ಸುಮಾರು 100 ಕಿ.ಮೀ. ದೂರದ ತಾನ್ಸಾ. ಸ್ವಾತಂತ್ರ್ಯದ ನಂತರ ವೈತರಣಾ, ಭಾತ್ಸಾ; 2014ರಲ್ಲಿ ಮಧ್ಯ ವೈತರಣಾ. (ಪೊವಾಯಿ ಕೆರೆಯನ್ನೂ 1890ರ ಸುಮಾರಿಗೆ ಕುಡಿಯೋ ನೀರಿಗಾಗಿಯೇ ಮಾಡಿದ್ದು. ನೀರು ಕುಡಿಯೋಕೆ ಯೋಗ್ಯವಲ್ಲ ಅಂತ ಬಿಟ್ಟರು. ಈಗ ಅದನ್ನು ನೋಡೋಕೆ ನೀವು ಬಾಡಿಗೆ ಜಾಸ್ತಿ ಕೊಡ್ತೀರಿ, ಅಷ್ಟೆ.)

ಪ್ರತಿ ಸಲವೂ ಜನ ಮುಂದೆ, ಕೆರೆ ಹಿಂದೆ. ಅದಕ್ಕೇ ಮಹಾನಗರಪಾಲಿಕೆ ಒಂದೊಂದು ಬಡಾವಣೆಗೆ ಒಂದೊಂದು ಹೊತ್ತು ಅಂತ ನೀರು ಬಿಡುತ್ತೆ. ಬಂದಾಗ ಕೆಳಗಿನ ಟ್ಯಾಂಕಿಗೆ ತುಂಬಿಸಿ, ಪಂಪಿನಿಂದ ತಾರಸಿ ಟ್ಯಾಂಕಿಗೆ ಏರಿಸಿ, ದಿನವಿಡೀ ಬಳಸೋದು ಪ್ರತಿ ಸೊಸೈಟಿಯ ಪಾಡು. ಅಂದ್ರೆ ನಿಮ್ಮ ನಲ್ಲಿಯ ಒತ್ತಡ ನಿಮ್ಮ ಕಟ್ಟಡದ ತಾರಸಿಯಿಂದ ಬರುತ್ತೆ.

ಇನ್ನು ಲೆಕ್ಕ. 10 ಮೀಟರ್ ಎತ್ತರದ ನೀರು ಕೊಡೋ ಒತ್ತಡ ಸುಮಾರು 14 ಪಿಎಸ್‌ಐ. ಈ ಫ್ರಿಜ್‌ಗಳಲ್ಲಿ ಹೆಚ್ಚಿನವು ಕನಿಷ್ಠ 20 ಪಿಎಸ್‌ಐ ಕೇಳ್ತವೆ. ಹಗಲೂ ರಾತ್ರಿ ಪೈಪಿನಲ್ಲಿ ಒತ್ತಡ ಇರೋ ಅಮೆರಿಕದಂಥ ಊರುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಯಂತ್ರ ಅದು. ಟ್ಯಾಂಕಿನಿಂದ ಕೆಳಕ್ಕೆ 14 ಮೀಟರ್, ಅಂದ್ರೆ ನಾಲ್ಕೈದು ಮಾಳಿಗೆ ಇಳಿದ ಮೇಲಷ್ಟೇ ಅಷ್ಟು ಒತ್ತಡ ಸಿಗೋದು. ಮೇಲಿನ ಮನೆಗೆ ಸಣ್ಣ ಬೂಸ್ಟರ್ ಪಂಪ್ ಬೇಕೇ ಬೇಕು. ಆರ್‌ಒ ಯಂತ್ರದಿಂದ ಪೈಪು ಎಳೆದರೂ ಅದೇ ಗತಿ, ಅದರ ಹೊರಹರಿವು ಇನ್ನೂ ಸೊರಗಿರುತ್ತೆ. ಪಾಲಿಕೆಯ ಕೆರೆ ನೀರು ಮೆದು, ಅದಕ್ಕೆ ಆರ್‌ಒ ಬೇಡ. ಫ್ರಿಜ್‌ನ ಫಿಲ್ಟರ್ ಸಾಕು ಅಂತ ನನ್ನ ಅಭಿಪ್ರಾಯ. ಟ್ಯಾಂಕರ್ ನೀರಿನ ಸೊಸೈಟಿ ಆದ್ರೆ ಮಾತು ಬೇರೆ.

ಜೋಡಿಸೋದು ಕಷ್ಟವಿಲ್ಲ. ಸಿಂಕ್ ಕೆಳಗಿನ ತಣ್ಣೀರಿನ ಲೈನಿಗೆ ಒಂದು ಟೀ, ಅದಕ್ಕೆ ಪ್ರತ್ಯೇಕ ಆಂಗಲ್ ಕಾಕ್, ಅಲ್ಲಿಂದ ಕಾಲಿಂಚಿನ ಪೈಪು. ಪೈಪಿನ ತುದಿ ನೇರವಾಗಿ ಕತ್ತರಿಸಿರಬೇಕು, ಓರೆ ಇದ್ರೆ ಸೋರುತ್ತೆ. ಫ್ರಿಜ್ ಮುಂದಕ್ಕೆ ಎಳೆಯೋಕೆ ಹಿಂದೆ ಎರಡು ಸುತ್ತು ಪೈಪು ಬಿಡಿ. ಮೊದಲ ಕೆಲವು ಲೀಟರ್ ನೀರು, ಮೊದಲ ದಿನದ ಐಸು ಚೆಲ್ಲಿ. ಸೊಸೈಟಿಯವರು ಟ್ಯಾಂಕ್ ತೊಳೆಯೋ ದಿನ ಆ ಕಾಕ್ ಮುಚ್ಚಿಡಿ. ಇಲ್ಲಾಂದ್ರೆ ತಳದ ಕೆಸರೆಲ್ಲ ಫಿಲ್ಟರಿಗೆ.

ಬಾಗಿಲಿನ ಕಥೆ ಬೇರೆ. ಮೊದಲು ಫ್ರಿಜ್ ಬಾಗಿಲಿಗೆ ಕೊಂಡಿ ಇರ್ತಿತ್ತು, ಒಳಗಿನಿಂದ ತೆಗೆಯೋಕೆ ಆಗ್ತಿರಲಿಲ್ಲ. ಬಿಸಾಡಿದ ಫ್ರಿಜ್‌ಗಳಲ್ಲಿ ಅವಿತುಕೊಂಡ ಮಕ್ಕಳು ಉಸಿರುಕಟ್ಟಿ ಸತ್ತರು. 1956ರಲ್ಲಿ ಅಮೆರಿಕ ಕಾನೂನು ತಂದಿತು: ಒಳಗಿನಿಂದ ತಳ್ಳಿದರೂ ಬಾಗಿಲು ತೆರೀಬೇಕು. ಕೊಂಡಿ ಹೋಗಿ ರಬ್ಬರ್ ಅಂಚಿನೊಳಗೆ ಅಯಸ್ಕಾಂತದ ಪಟ್ಟಿ ಬಂತು. ಕೊಂಡಿ ಒಂದೇ ಕಡೆ ಹಿಡಿಯುತ್ತೆ, ಅಯಸ್ಕಾಂತ ನಾಲ್ಕೂ ಕಡೆ. ಹಾಗಾಗಿ ಹಿಂಜ್ ಬದಲಿಸಿದರೆ ಸಾಕು, ಬಾಗಿಲು ಆ ಕಡೆಗೂ ತೆರೆಯುತ್ತೆ. ಇಲ್ಲಿ ವಿಕ್ರೋಳಿಯ ಗೋದ್ರೆಜ್‌ನವರು ಫ್ರಿಜ್ ತಯಾರಿಕೆ ಶುರು ಮಾಡಿದ್ದು 1958ರಲ್ಲಿ. ಆದರೂ ನಮ್ಮ ಹಳೇ ಫ್ರಿಜ್‌ಗಳಿಗೆ ಬೀಗ-ಕೈ ಬಹಳ ಕಾಲ ಇತ್ತು. ಹಾಲ್‌ನಲ್ಲಿ ನಿಂತಿರ್ತಿದ್ದ ಅಷ್ಟು ಬೆಲೆಯ ವಸ್ತು, ಬೀಗ ಇಲ್ಲದೆ ಹೇಗೆ!

ಮುಂಬೈಯ ಗಲ್ಲಿಯಂಥ ಅಡುಗೆಮನೆಗಳಲ್ಲಿ ಬಾಗಿಲು ಗೋಡೆ ಕಡೆ ತೆರೆದರೆ ತರಕಾರಿ ಡಬ್ಬಿಯೇ ಹೊರಗೆ ಬರಲ್ಲ, ಆಗ ತಿರುಗಿಸಲೇಬೇಕು. ಆದರೆ ಒಂದು ಎಚ್ಚರಿಕೆ. ಬಾಗಿಲಿನ ಹೊರಗೇ ನೀರು ಕೊಡೋ ಮಾದರಿಗಳಲ್ಲಿ ನೀರಿನ ಪೈಪು, ವೈರು ಸಾಮಾನ್ಯವಾಗಿ ಹಿಂಜ್ ಮೂಲಕವೇ ಹಾದು ಹೋಗಿರ್ತವೆ, ಅಂಥ ಬಾಗಿಲು ತಿರುಗಿಸೋಕೆ ಬರಲ್ಲ. ಒಳಗೆ ಮಾತ್ರ ಐಸ್ ಮಾಡೋ ಕೆಲವು ಮಾದರಿಗಳಲ್ಲಿ ಎರಡೂ ಆಗುತ್ತೆ. ಹೊಸ ಮಾದರಿಯ ದುಡ್ಡು ಕಟ್ಟೋ ಮೊದಲು ಮೇಲಿನ ಹಿಂಜ್‌ನ ಮುಚ್ಚಳ ತೆಗೆಸಿ ನೋಡಿ.