ರಾಣಿಯನ್ನು ಆರಿಸಿದವರು ಯಾರು?

ನಮ್ಮ ಸುಳ್ಯದ ಕಡೆ ತುಡುವೆ ಜೇನು ಸಾಕುವುದು ಹಳೆಯದು, ತುಡುವೆಯಲ್ಲಿ ತಳಿ ಆರಿಸುವುದು ತೀರಾ ಈಚಿನದು. ನಾನು ಮದುವೆಯಾಗಿ ಬಂದಾಗ ಕೊಟ್ಟಿಗೆಯ ಅಟ್ಟದಲ್ಲಿ ಜೇನು ಕೂರಿಸುತ್ತಿದ್ದ ಮಣ್ಣಿನ ಮಡಕೆಗಳು ಇನ್ನೂ ಇದ್ದವು. ಮಾವನವರ ಅಪ್ಪನ ಕಾಲದವು. ಒಳಗೆ ಮೇಣ ಸವರಿ ಕಾಡಂಚಿನ ಮರದಲ್ಲಿಟ್ಟರೆ ಪಾಲಾಗಿ ಬಂದ ಜೇನು ತಾನಾಗಿ ಸೇರುತ್ತಿತ್ತಂತೆ. ಬೇಸಿಗೆಯಲ್ಲಿ ಹೊಗೆ ಹಾಕಿ ಎರಿ ಕಿತ್ತು, ಮರಿಗಳ ಸಮೇತ ಹಿಂಡಿದರೆ ವರ್ಷದ ಲೆಕ್ಕ ಮುಗಿಯಿತು.

ಆ ಪದ್ಧತಿಯಲ್ಲೂ ಒಂದು ಆಯ್ಕೆ ನಡೆಯುತ್ತಿತ್ತು, ಆದರೆ ತಲೆಕೆಳಗಾಗಿ. ತುಪ್ಪ ಹೆಚ್ಚಿದ್ದ ಮಡಕೆಗೇ ಮೊದಲು ಕೈ ಬೀಳುತ್ತಿತ್ತು. ಚೆನ್ನಾಗಿ ದುಡಿದ ಕುಟುಂಬ ನಾಶವಾಗುತ್ತಿತ್ತು. ಪದೇಪದೇ ಪಾಲಾಗುವ, ಗೂಡು ಬಿಟ್ಟು ಓಡುವ ಕುಟುಂಬ ಕಾಡು ಸೇರಿ ವಂಶ ಬೆಳೆಸುತ್ತಿತ್ತು. ತುಡುವೆ ಓಡಿಹೋಗುವ ಜಾತಿ ಎಂದು ದೂರುವಾಗ ನಾವು ಈ ಸಂಗತಿಯನ್ನು ಮರೆಯುತ್ತೇವೆ.

ಎರಿಯನ್ನು ಕೆಡಿಸದೆ ಎತ್ತಿ ನೋಡುವ ಅವಕಾಶ ಬಂದದ್ದು ಚೌಕಟ್ಟಿನ ಪೆಟ್ಟಿಗೆಯಿಂದ. ತಿರುಚಿರಾಪಳ್ಳಿಯ ಕಡೆ ಕೆಲಸ ಮಾಡುತ್ತಿದ್ದ ಪಾದ್ರಿ ನ್ಯೂಟನ್ 1911ರಿಂದ 1917ರ ನಡುವೆ ತುಡುವೆಯ ಮೈಕಟ್ಟಿಗೆ ಹೊಂದುವ ಸಣ್ಣ ಪೆಟ್ಟಿಗೆ ರೂಪಿಸಿ ಹಳ್ಳಿಯವರಿಗೆ ಕಲಿಸಿದರು. ಇಂದಿಗೂ ನಮ್ಮಲ್ಲಿ ಅದು ನ್ಯೂಟನ್ ಪೆಟ್ಟಿಗೆಯೇ. ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ಕೊಡಗಿನಲ್ಲಿ ಅದು ಬೇಗ ಬೇರೂರಿತು; 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಮಾವನವರು ಪೆಟ್ಟಿಗೆ ಕೆಲಸ ಕಲಿತದ್ದೂ ಘಟ್ಟದ ಮೇಲಿನ ನೆಂಟರಿಂದಲೇ.

ಪೆಟ್ಟಿಗೆ ಬಂತು, ರಾಣಿ ಸಾಕಣೆ ಬರಲಿಲ್ಲ. ವಿದ್ಯೆ ಇಲ್ಲದೆ ಅಲ್ಲ. ಕೆಲಸಗಾರ ನೊಣವಾಗಬೇಕಿದ್ದ ಎಳೆಮರಿಯಿಂದಲೇ ಜೇನುಗಳು ರಾಣಿಯನ್ನು ಬೆಳೆಸಬಲ್ಲವೆಂದು ಹದಿನೆಂಟನೆಯ ಶತಮಾನದಲ್ಲೇ ಸ್ಯಾಕ್ಸನಿಯ ಶಿರಾಕ್ ಎಂಬ ಪಾದ್ರಿ ತೋರಿಸಿಕೊಟ್ಟಿದ್ದರು. ಎಳೆಮರಿಯನ್ನು ಮೇಣದ ಬಟ್ಟಲಿಗೆ ವರ್ಗಾಯಿಸಿ ಬೇಕಾದಷ್ಟು ರಾಣಿ ಪಡೆಯುವ ಕ್ರಮವನ್ನು ಅಮೆರಿಕದ ಡೂಲಿಟ್ಲ್ 1889ರಲ್ಲಿ ಪುಸ್ತಕವಾಗಿ ಬರೆದಿದ್ದರು. ನಮಗೆ ಅದರ ಅಗತ್ಯ ಬೀಳಲಿಲ್ಲ, ಅಷ್ಟೇ. ಪೆಟ್ಟಿಗೆ ಖಾಲಿಯಾದರೆ ಮರದ ಪೊಟರೆಯಿಂದಲೋ ಹುತ್ತದಿಂದಲೋ ಇನ್ನೊಂದು ಕುಟುಂಬ ಹಿಡಿದು ತಂದರಾಯಿತು. “ಕಾಡು ಇರುವ ತನಕ ರಾಣಿಗೇನು ಬರ ಮಾರಾಯ್ತಿ?” ಎನ್ನುತ್ತಿದ್ದರು ಮಾವ.

ಆ ಬರ 1991–92ರಲ್ಲಿ ಬಂತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಕೋಶದೊಳಗೆ ಮರಿ ತಲೆ ಎತ್ತಿಕೊಂಡು ಸಾಯುತ್ತದೆ. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಜೋತುಬೀಳುತ್ತದೆ. ದೊಡ್ಡ ನೊಣಗಳು ಕೆಲವು ವಾರ ಹೊಲಕ್ಕೆ ಹೋಗಿ ಬರುತ್ತಲೇ ಇರುತ್ತವೆ, ಹಿಂದೆ ಬರುವ ಪೀಳಿಗೆಯೇ ಇರುವುದಿಲ್ಲ. ಇದಕ್ಕೆ ಮದ್ದಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಹತ್ತರಲ್ಲಿ ಒಂಬತ್ತು ಕುಟುಂಬ ಹೋದವೆಂಬುದು ಸಾಮಾನ್ಯ ಅಂದಾಜು. ಹಿಡಿದು ತರೋಣವೆಂದರೆ ಕಾಡಿನ ಪೊಟರೆಗಳೂ ಖಾಲಿ.

ಆಗ ಎಲ್ಲರ ಬಾಯಲ್ಲೂ ಮೆಲ್ಲಿಫೆರಾ. ಇಟಲಿ ಮೂಲದ ಈ ಜೇನಿಗೆ ಆ ರೋಗ ತಟ್ಟುವುದಿಲ್ಲ. 1880ರ ದಶಕದಿಂದ ಅದನ್ನು ಭಾರತಕ್ಕೆ ತರುವ ಯತ್ನಗಳು ಸೋತಿದ್ದವು. 1962ರಲ್ಲಿ ಇಂದಿನ ಹಿಮಾಚಲದ ನಗರೋಟಾದಲ್ಲಿ ಅತ್ವಾಲ್ ಮತ್ತು ಸಂಗಡಿಗರು ಗೆದ್ದರು. ಅವರು ನಂಬಿದ್ದು ರಾಣಿಯನ್ನೇ: ತುಡುವೆ ಕುಟುಂಬದ ರಾಣಿಯನ್ನು ತೆಗೆದು, ಮೊಟ್ಟೆ ಇಡುತ್ತಿದ್ದ ಇಟಲಿ ರಾಣಿಯನ್ನು ಅಲ್ಲಿಗೆ ಸೇರಿಸಿದರು. ತುಡುವೆಯ ದಾದಿಗಳು ಪರಜಾತಿಯ ಮರಿಗಳನ್ನು ಸಾಕಿದವು.

ಮೆಲ್ಲಿಫೆರಾ ಓಡುವುದಿಲ್ಲ, ತುಪ್ಪವೂ ತುಡುವೆಯ ಹಲವು ಪಟ್ಟು. ಸೂರ್ಯಕಾಂತಿ ಹೊಲಕ್ಕೂ ರಬ್ಬರ್ ತೋಟಕ್ಕೂ ಲಾರಿಯಲ್ಲಿ ಪೆಟ್ಟಿಗೆ ಸಾಗಿಸಬಲ್ಲವರಿಗೆ ಅದು ಸರಿಯೇ. ನಮ್ಮಂಥ ಅಡಿಕೆ ತೋಟದವರಿಗೆ ಕಷ್ಟ. ಘಟ್ಟದ ಬುಡದ ಮಳೆಗಾಲ ದಾಟಿಸಲು ಸಕ್ಕರೆ ಪಾಕ ಸುರಿಯುತ್ತಲೇ ಇರಬೇಕು. ವರೋವಾ ನುಸಿಯ ಕಾಟ ಬೇರೆ. ಆ ನುಸಿಯ ಮೂಲ ಮನೆ ತುಡುವೆಯೇ. ಆದರೆ ತುಡುವೆಯಲ್ಲಿ ಅದು ಬಹುಮಟ್ಟಿಗೆ ಗಂಡುಮರಿಗಳ ಕೋಶದಲ್ಲಷ್ಟೇ ಹೆಚ್ಚುತ್ತದೆ, ಮೈಮೇಲಿನದನ್ನು ನೊಣಗಳು ಕಚ್ಚಿ ಕೆಡವುತ್ತವೆ. ಮೆಲ್ಲಿಫೆರಾಕ್ಕೆ ಆ ಅಭ್ಯಾಸ ಸಾಲದು, ಮದ್ದು ಬೇಕು.

ರೋಗ ತಗ್ಗಿದ ಮೇಲೆ ಅಲ್ಲೊಂದು ಇಲ್ಲೊಂದು ತುಡುವೆ ಮತ್ತೆ ಕಾಣಿಸಿತು. ನಮ್ಮ ತೋಟದ ಮೂಲೆಯ ಒಂದು ಪೆಟ್ಟಿಗೆಯೂ ಉಳಿದಿತ್ತು. ಮೊದಲ ಬಾರಿಗೆ ನಮ್ಮ ಮುಂದೆ ನಿಜವಾದ ಆಯ್ಕೆಯ ಪ್ರಶ್ನೆ ನಿಂತದ್ದು ಆಗ. ಸಿಕ್ಕಿದ್ದನ್ನು ತಂದು ತುಂಬುವುದೋ, ಉಳಿದದ್ದರ ವಂಶ ಬೆಳೆಸುವುದೋ? ನಾನು ಎಳೆಮರಿ ವರ್ಗಾಯಿಸುವುದನ್ನು ಕಲಿತದ್ದು ಆ ಪ್ರಶ್ನೆಯಿಂದ.

ಮೊಟ್ಟೆಯೊಡೆದು ಒಂದು ದಿನ ತುಂಬದ ಮರಿ ಬೇಕು. ತುಡುವೆಗೆ ಮೇಣದ ಬಟ್ಟಲು ಮೆಲ್ಲಿಫೆರಾದ್ದಕ್ಕಿಂತ ಸಣ್ಣದಿರಬೇಕು, ಇಲ್ಲವಾದರೆ ನೊಣಗಳು ಒಪ್ಪುವುದಿಲ್ಲ. ರಾಣಿ ಇಲ್ಲದ ತುಂಬು ಕುಟುಂಬಕ್ಕೆ ಕೊಟ್ಟರೆ ದಾದಿನೊಣಗಳು ರಾಜಶಾಹಿ ರಸ ತುಂಬಿ ಕೋಶ ಕಟ್ಟುತ್ತವೆ. ರಾಣಿ ಹೊರಬರುವ ಮುನ್ನ ಕೋಶದ ತುದಿಯ ಮೇಣವನ್ನು ಕೆರೆದು ತೆಗೆಯುತ್ತವೆ. ಅದನ್ನು ನೋಡಿಯೇ ದಿನ ಹತ್ತಿರವೆಂದು ತಿಳಿಯುತ್ತೇನೆ. ಮೊಟ್ಟೆಯಿಂದ ರಾಣಿಯ ತನಕ ಸುಮಾರು ಹದಿನಾರು ದಿನ. ಮಳೆ ನಿಂತು ಕುಟುಂಬ ತುಂಬಿಕೊಳ್ಳುವ ಕಾಲವೇ ಇದಕ್ಕೆ ಸರಿ.

ತಾಯಿ ಯಾರಾಗಬೇಕೆಂದು ಆರಿಸುವಾಗ ನಾನು ಬಣ್ಣ ನೋಡುವುದಿಲ್ಲ. ಮಲೆಯ ಕಪ್ಪು ತುಡುವೆ, ಬಯಲಿನ ಹಳದಿ ತುಡುವೆ ಎಂಬ ಭೇದ ಸಾಕುವವರಿಗೆ ಮೊದಲಿಂದ ಗೊತ್ತು. ಪಶ್ಚಿಮ ಘಟ್ಟದ ಕಪ್ಪಿನದು ಬೇರೆಯೇ ಜಾತಿ ಎಂದು ಕೇರಳದ ವಿಜ್ಞಾನಿಗಳು 2022ರಲ್ಲಿ ‘ಕರಿಂಜೊಡಿಯನ್’ ಎಂಬ ಹೆಸರನ್ನೂ ಇಟ್ಟರು. ಆಮೇಲೆ ಕಪ್ಪು ರಾಣಿಯನ್ನೇ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ನನ್ನ ಪುಸ್ತಕದಲ್ಲಿ ಬರೆದಿಡುವುದು ಬೇರೆ: ಮಳೆಗಾಲದ ಆಟಿ ತಿಂಗಳನ್ನು ಯಾವ ಪೆಟ್ಟಿಗೆ ಓಡದೆ ದಾಟಿತು, ಪಕ್ಕದ್ದು ರೋಗಕ್ಕೆ ಬಿದ್ದಾಗ ಯಾವುದು ನಿಂತಿತು, ಯಾವುದಕ್ಕೆ ಮೇಣದ ಹುಳು ತಾಗಲಿಲ್ಲ.

ಇಷ್ಟಾದರೂ ನನ್ನ ಆಯ್ಕೆ ಅರ್ಧವೇ. ರಾಣಿ ಕೂಡುವುದು ಆಕಾಶದಲ್ಲಿ, ಒಂದಲ್ಲ ಹಲವು ಗಂಡುನೊಣಗಳ ಜೊತೆ. ಅವು ಪಕ್ಕದ ತೋಟದವೋ ಕಾಡಿನವೋ ನನ್ನ ಕೈಯಲ್ಲಿಲ್ಲ. ಇಂಗ್ಲೆಂಡಿನ ಬಕ್‌ಫಾಸ್ಟ್ ಮಠದ ಬ್ರದರ್ ಆ್ಯಡಮ್ ಇದಕ್ಕೆಂದೇ 1925ರಲ್ಲಿ ಡಾರ್ಟ್‌ಮೂರ್ ಬಯಲಲ್ಲಿ, ಬೇರೆ ಜೇನು ಸುಳಿಯದ ಕಡೆ, ರಾಣಿಗಳನ್ನು ಇಡುವ ಜಾಗ ಮಾಡಿದ್ದರು. ನಮ್ಮ ಮಲೆಯಲ್ಲಿ ಜೇನಿಲ್ಲದ ಜಾಗ ಹುಡುಕುವುದು ಸಾಧ್ಯವಿಲ್ಲ, ಇಲ್ಲದಿರಲಿ ಎಂದು ಬಯಸುವುದೂ ತಪ್ಪು. ಇಲ್ಲಿ ತಳಿ ಸುಧಾರಿಸಬೇಕಾದರೆ ಊರೇ ಸುಧಾರಿಸಬೇಕು. ಅದಕ್ಕೇ ರಾಣಿಕೋಶ ಕೇಳಿ ಬಂದವರನ್ನು ನಾನು ಮೊದಲು ವಿಚಾರಿಸುವುದು ನೆರೆಮನೆಯವರು ಜೇನು ಸಾಕುತ್ತಾರೋ ಎಂದು. ಹೌದೆಂದರೆ ಅವರಿಗೂ ಒಂದು ಕೋಶ ಕೊಟ್ಟು ಕಳಿಸುತ್ತೇನೆ, ದುಡ್ಡು ತೆಗೆದುಕೊಳ್ಳದೆ.