ಕಿತ್ತಿಕೊ-ಹಚ್ಚಿಕೊ: ಹೊರದೇಶದ ದುಡ್ಡು ಬಂದಾಗ ಊರನ್ನು ಕೇಳಿದ್ದು ಯಾವಾಗ?

1987ರ ನವೆಂಬರ್ 14. ಹಾನಗಲ್ ತಾಲ್ಲೂಕಿನ ಕುಸನೂರು. ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ, ಅದೆಲ್ಲ ಧಾರವಾಡ ಜಿಲ್ಲೆಯೇ. ಆ ದಿನ ಸುತ್ತಲಿನ ಊರುಗಳ ಜನ ಸೇರಿ, ಊರಿನ ದನ ಮೇಯುತ್ತಿದ್ದ ಜಮೀನಿನಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲಿ ಹಣ್ಣು, ಮೇವು, ಕಟ್ಟಿಗೆ ಕೊಡುವ ಗಿಡ ಹಚ್ಚಿದರು. ಹಚ್ಚುವುದು ಎಂದರೆ ನಮ್ಮ ಕಡೆ ನೆಡುವುದು. ಅದಕ್ಕೇ ಆ ಸತ್ಯಾಗ್ರಹಕ್ಕೆ 'ಕಿತ್ತಿಕೊ-ಹಚ್ಚಿಕೊ' ಎಂಬ ಹೆಸರು ಬಂತು.

ಈ ಕತೆಯನ್ನು ಪರಿಸರ ಹೋರಾಟದ ಕತೆ ಎಂದು ಹೇಳುವವರೇ ಹೆಚ್ಚು. ಅದು ಸರಿಯೇ. ಆದರೆ ಇದರೊಳಗೆ ಇನ್ನೊಂದು ಕತೆಯಿದೆ. ಹೊರದೇಶದ ನೆರವಿನಲ್ಲಿ ನಮ್ಮ ಊರಿಗೆ ಯೋಜನೆ ಬರುವಾಗ ಸಂಘ-ಸಂಸ್ಥೆಗಳನ್ನು, ಊರಿನ ಜನರನ್ನು ಯಾವ ಹಂತದಲ್ಲಿ ಮಾತಿಗೆ ಕರೆಯುತ್ತಾರೆ? ಕಾಗದ ಬರೆಯುವ ಮೊದಲೋ, ಸಹಿ ಬಿದ್ದ ಮೇಲೋ? ನಾವು ಇಲ್ಲಿ ಬರೆಯಲು ಹೊರಟಿದ್ದು ಆ ಕತೆ.

ಮೊದಲು ದುಡ್ಡಿನ ವಿಷಯ. 1983ರಲ್ಲಿ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ದುಡ್ಡು ವಿಶ್ವಬ್ಯಾಂಕಿನದು ಮತ್ತು ಬ್ರಿಟನ್ ಸರ್ಕಾರದ ನೆರವು ಇಲಾಖೆಯದು. ಈ ಬ್ರಿಟಿಷ್ ಇಲಾಖೆಯನ್ನು ಆಗ ಓಡಿಎ ಎನ್ನುತ್ತಿದ್ದರು, 1997ರಲ್ಲಿ ಅದು ಡಿಎಫ್‌ಐಡಿ ಆಯಿತು. ಯೋಜನೆಯ ಕಾಗದದಲ್ಲಿ ಬರೆದದ್ದು ಚೆಂದವಾಗಿಯೇ ಇತ್ತು: ಹಳ್ಳಿಯ ಜನರಿಗೆ ಒಲೆಗೆ ಕಟ್ಟಿಗೆ, ದನಕ್ಕೆ ಮೇವು, ಮನೆಗೆ ಗಳ ಸಿಗಬೇಕು, ಆಗ ಕಾಡಿನ ಮೇಲೆ ಒತ್ತಡ ಕಡಿಮೆಯಾಗುತ್ತದೆ. ಅದಕ್ಕಾಗಿ ರೈತರ ಹೊಲದಲ್ಲಿ, ಗೋಮಾಳದಲ್ಲಿ, ರಸ್ತೆ ಬದಿಯಲ್ಲಿ, ಕೆರೆ ಅಂಗಳದಲ್ಲಿ ಗಿಡ ಬೆಳೆಸಬೇಕು.

ಬೆಳೆದದ್ದು ಹೆಚ್ಚಾಗಿ ನೀಲಗಿರಿ. ದನ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕಾಯುವ ಖರ್ಚಿಲ್ಲ, ಬೇಗ ಬೆಳೆಯುತ್ತದೆ, ಲಾರಿಗೆ ತುಂಬಿದರೆ ನಗದು ಕೈಗೆ. ದೊಡ್ಡ ಜಮೀನಿನವರಿಗೆ ಇದಕ್ಕಿಂತ ಸುಲಭದ ಬೆಳೆ ಯಾವುದಿತ್ತು? ಆಳು ಹುಡುಕುವ ತಲೆನೋವೂ ಇಲ್ಲ. ಆದರೆ ಆಳಾಗಿ ದುಡಿಯುವವರಿಗೆ ಅದೇ ನಷ್ಟ. ರಾಗಿ ಹೊಲವಿದ್ದರೆ ಕಳೆ, ಕೊಯ್ಲು, ಒಕ್ಕಣೆ ಎಂದು ವರ್ಷದಲ್ಲಿ ಎಷ್ಟೋ ದಿನ ಕೂಲಿ ಸಿಗುತ್ತಿತ್ತು. ನೀಲಗಿರಿ ತೋಪಿನಲ್ಲಿ ನೆಡುವಾಗ ಒಮ್ಮೆ, ಕಡಿಯುವಾಗ ಒಮ್ಮೆ, ಅಷ್ಟೇ ಕೆಲಸ. ದನ ಮುಟ್ಟದ ಗಿಡವೆಂದರೆ ದನಕ್ಕೆ ಮೇವಿಲ್ಲದ ಗಿಡ ಎಂದೂ ಅರ್ಥ.

ಇದು ಆಮೇಲೆ ಹೊಳೆದ ಬುದ್ಧಿ ಅಲ್ಲ. ವಿಶ್ವಬ್ಯಾಂಕಿನ ಯೋಜನೆ ಶುರುವಾಗುವ ಎರಡು ವರ್ಷ ಮೊದಲೇ, 1981ರಲ್ಲಿ, ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಬಗ್ಗೆ ಬೆಂಗಳೂರಿನ ಐಐಎಂನಿಂದ ಒಂದು ಅಧ್ಯಯನ ಬಂದಿತ್ತು. ವಂದನಾ ಶಿವ, ಜಯಂತ ಬಂದೋಪಾಧ್ಯಾಯ ಮತ್ತಿತರರು ಮಾಡಿದ್ದು. ರಾಗಿ ಬೆಳೆಯುವ ಭೂಮಿ ನೀಲಗಿರಿಗೆ ಹೋಗುತ್ತಿದೆ ಎಂದು ಅವರು ಆಗಲೇ ಎಚ್ಚರಿಸಿದ್ದರು. ಯೋಜನೆ ಶುರುವಾದ ವರ್ಷವೇ, 1983ರ ಆಗಸ್ಟ್‌ನಲ್ಲಿ, ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿದರು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. 1987ರಲ್ಲಿ ಚಂದ್ರಶೇಖರ್, ಕೃಷ್ಣಮೂರ್ತಿ ಮತ್ತು ಪತ್ರಕರ್ತ ಎಸ್.ಆರ್. ರಾಮಸ್ವಾಮಿ ಸೇರಿ ಈ ಯೋಜನೆಯಿಂದ ಏನಾಯಿತು ಎಂದು 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ವಿವರವಾಗಿ ಬರೆದರು. ಹೀಗೆ ಹೇಳುವವರು ಹೇಳುತ್ತಲೇ ಇದ್ದರು. ಅವರ ಮಾತು ಕೇಳಲು ಯೋಜನೆಯಲ್ಲಿ ಜಾಗವೇ ಇರಲಿಲ್ಲ. ವಾಷಿಂಗ್ಟನ್, ಲಂಡನ್, ದೆಹಲಿ, ಬೆಂಗಳೂರುಗಳ ನಡುವೆ ಮಾತು ಮುಗಿದಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಗೊಂದಲವಾಗುತ್ತದೆ. ಕುಸನೂರಿನಲ್ಲಿ ಜನ ಕಿತ್ತ ಸಸಿಗಳು ವಿಶ್ವಬ್ಯಾಂಕಿನ ಯೋಜನೆಯವಲ್ಲ. ಅವು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯವು. 1984ರಲ್ಲಿ ಹುಟ್ಟಿದ ಈ ಕಂಪನಿಯಲ್ಲಿ ಸರ್ಕಾರದ ಕಡೆಯದು ನೂರಕ್ಕೆ 51 ಪಾಲು, ಹರಿಹರ ಪಾಲಿಫೈಬರ್ಸ್‌ನದು 49. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನನ್ನು ಅದಕ್ಕೆ ಕೊಡಬೇಕೆಂದಿತ್ತು, ಹರಿಹರದ ಕಾರ್ಖಾನೆಗೆ ಬೇಕಾದ ಮರ ಬೆಳೆಯಲು. ಕಾಗದದಲ್ಲಿ ಅವು ಸಿ ಮತ್ತು ಡಿ ದರ್ಜೆಯ ಜಮೀನು, ಅಂದರೆ ಬಂಜರು. ಊರಿನವರ ಪಾಲಿಗೆ ಅದು ದನ ಮೇಯುವ, ಕಟ್ಟಿಗೆ ಆಯುವ, ಹುಲ್ಲು ಕೊಯ್ಯುವ ಜಾಗ. ಹೊರದೇಶದ ದುಡ್ಡಿನಲ್ಲಿ ರೈತರ ಹೊಲಕ್ಕೆ ನೀಲಗಿರಿ, ಕಂಪನಿಯ ಲೆಕ್ಕದಲ್ಲಿ ಊರಿನ ಜಮೀನಿಗೂ ನೀಲಗಿರಿ. ಎರಡೂ ಒಂದೇ ಕಾಲದಲ್ಲಿ ಬಂದವು. ಹೋರಾಟಗಾರರು ಎರಡನ್ನೂ ಒಟ್ಟಿಗೇ ನೋಡಿದರು.

ಹೋರಾಟದ ಮುಂದಾಳತ್ವ ವಹಿಸಿದ್ದು ಸಮಾಜ ಪರಿವರ್ತನ ಸಮುದಾಯ. ಅದರ ಎಸ್.ಆರ್. ಹಿರೇಮಠರು ಅಮೆರಿಕದಲ್ಲಿ ಕೆಲಸದಲ್ಲಿದ್ದವರು. ಅಲ್ಲಿನ ಭಾರತೀಯರು ಸೇರಿ ಷಿಕಾಗೊದಲ್ಲಿ ಕಟ್ಟಿದ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆಯೊಂದಿಗೆ ಇದ್ದು, 1979ರಲ್ಲಿ ಊರಿಗೆ ಮರಳಿ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸ ಶುರುಮಾಡಿದವರು. ಹೊರದೇಶದಲ್ಲಿ ಕಡತ ಹೇಗೆ ಓಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡವರು ಎಂಬುದನ್ನು ಇಲ್ಲಿ ಗಮನಿಸಬೇಕು. ರಾಜ್ಯದ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವಾದ ಫೆವಾರ್ಡ್-ಕೆ ಕೂಡ ಜೊತೆಗಿತ್ತು. ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. ಆಗ ಅವರಿಗೆ ಎಂಬತ್ತು ದಾಟಿತ್ತು. 1987ರ ಮಾರ್ಚ್‌ನಲ್ಲಿ ಕಂಪನಿಗೆ ಇನ್ನಷ್ಟು ಜಮೀನು ಕೊಡದಂತೆ ಕೋರ್ಟ್ ತಡೆ ಕೊಟ್ಟಿತು, ನವೆಂಬರ್‌ನಲ್ಲಿ ಕುಸನೂರು ಆಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು.

ದೇಶದ ಮಟ್ಟದಲ್ಲೂ ಗಾಳಿ ಬದಲಾಗುತ್ತಿತ್ತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡಿನ ಮೇಲೆ ಮೊದಲ ಹಕ್ಕು ಕಾರ್ಖಾನೆಗಲ್ಲ, ಸುತ್ತಲಿನ ಜನರ ಅಗತ್ಯಕ್ಕೆ ಎಂದಿತು. 1990ರ ಜೂನ್ 1ರಂದು ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು: ಹಾಳಾದ ಕಾಡನ್ನು ಮತ್ತೆ ಬೆಳೆಸುವ ಕೆಲಸದಲ್ಲಿ ಹಳ್ಳಿಯ ಜನರನ್ನು, ಸ್ವಯಂಸೇವಾ ಸಂಸ್ಥೆಗಳನ್ನು ಸೇರಿಸಿಕೊಳ್ಳಿ. ಆ ಹೊತ್ತಿಗೆ ವಿಶ್ವಬ್ಯಾಂಕಿಗೂ ನರ್ಮದೆಯ ಬಿಸಿ ತಟ್ಟಿತ್ತು. ಸರ್ದಾರ್ ಸರೋವರ ಅಣೆಕಟ್ಟೆಗೆ 1985ರಲ್ಲಿ ಸಾಲ ಕೊಟ್ಟ ಬ್ಯಾಂಕು, ಜನರ ಹೋರಾಟದಿಂದಾಗಿ ತನ್ನದೇ ಯೋಜನೆಯ ಮೇಲೆ ಸ್ವತಂತ್ರ ತನಿಖೆ ಮಾಡಿಸಬೇಕಾಯಿತು. 1992ರಲ್ಲಿ ಮೋರ್ಸ್ ಸಮಿತಿಯ ವರದಿ ಬಂತು, 1993ರ ಮಾರ್ಚ್‌ನಲ್ಲಿ ಉಳಿದ ಸಾಲ ಬೇಡವೆಂದು ಭಾರತ ಹೇಳಿತು. ಅದೇ ವರ್ಷ ಬ್ಯಾಂಕು ಒಂದು ಪರಿಶೀಲನಾ ಮಂಡಳಿ ಮಾಡಿತು. ಯೋಜನೆಯಿಂದ ತೊಂದರೆಯಾದ ಜನ ನೇರವಾಗಿ ಅಲ್ಲಿಗೆ ದೂರು ಕೊಡಬಹುದು. ಈ ಮಂಡಳಿ ಈಗಲೂ ಇದೆ. ಎಷ್ಟು ಊರುಗಳಿಗೆ ಇದು ಗೊತ್ತು?

ಈ ಹಿನ್ನೆಲೆಯಲ್ಲಿ ಬಂದದ್ದು ಬ್ರಿಟನ್ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆ. 1990ರ ದಶಕದ ಆರಂಭದಲ್ಲಿ ಉತ್ತರ ಕನ್ನಡದಿಂದ ಶುರುವಾಗಿ ಆಮೇಲೆ ಶಿವಮೊಗ್ಗದ ಕಡೆಗೂ ಹೋಯಿತು. ಸಾಮಾಜಿಕ ಅರಣ್ಯದಲ್ಲಿ ಬೈಸಿಕೊಂಡ ಬ್ರಿಟನ್ ಈ ಸಲ ಜನರ ಪಾಲುದಾರಿಕೆ ಬೇಕೇ ಬೇಕು ಎಂದಿತು. ಸ್ವಯಂಸೇವಾ ಸಂಸ್ಥೆಗಳನ್ನು ಮಾತಿಗೆ ಕರೆದರು. 1993ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ನಮ್ಮ ಊರುಗಳಲ್ಲಿ ಇಂದಿಗೂ ಬೋರ್ಡಿನ ಮೇಲೆ ಕಾಣುವ 'ಗ್ರಾಮ ಅರಣ್ಯ ಸಮಿತಿ'ಯ ಮೂಲ ಅದು. ಬೇರೆ ರಾಜ್ಯಗಳು 'ಜಂಟಿ ನಿರ್ವಹಣೆ' ಎಂದಷ್ಟೇ ಹೇಳಿದಾಗ ನಮ್ಮ ಆದೇಶದಲ್ಲಿ 'ಯೋಜನೆ' ಎಂಬ ಮಾತೂ ಸೇರಿತ್ತು. ಹೆಸರಿನಲ್ಲಾದರೂ ಜನ ಯೋಜನೆ ಮಾಡುವವರಾದರು.

ಕುಸನೂರಿನವರು ಗೆದ್ದಿದ್ದು ಇಲ್ಲಿ ಎಂದು ನಾವು ತಿಳಿಯುತ್ತೇವೆ. ದುಡ್ಡು ಬರುವ ಮೊದಲೇ ಗದ್ದಲ ಎದ್ದಿದ್ದರಿಂದ ಮುಂದಿನ ಯೋಜನೆಯ ಭಾಷೆ ಬದಲಾಯಿತು. ಕಟ್ಟಳೆಯೂ ಸ್ವಲ್ಪ ಬದಲಾಯಿತು.

ಆದರೆ ಎಷ್ಟು? ಆದೇಶದ ಪ್ರಕಾರ ಸಮಿತಿಗೆ ಸಿಗುವುದು ನೂರಕ್ಕೆ 25ಕ್ಕಿಂತ ಕಡಿಮೆ ಮರದ ನೆರಳಿರುವ ಹಾಳುಬಿದ್ದ ಕಾಡು ಮಾತ್ರ. ಚೆನ್ನಾಗಿರುವ ಕಾಡನ್ನು ಇಷ್ಟು ವರ್ಷ ಕಾಯ್ದುಕೊಂಡ ಊರಿಗೆ ಏನೂ ಇಲ್ಲ, ಬೋಳು ಮಾಡಿದ ಊರಿಗೆ ಸಮಿತಿ! ಸಮಿತಿಯ ಸದಸ್ಯ ಕಾರ್ಯದರ್ಶಿ ಯಾರು? ಅರಣ್ಯ ಇಲಾಖೆಯ ಫಾರೆಸ್ಟರ್. ಬ್ಯಾಂಕ್ ಖಾತೆ ಅಧ್ಯಕ್ಷರ ಮತ್ತು ಅವರ ಜಂಟಿ ಸಹಿಯಲ್ಲಿ. ಕಡತ ಅವರ ಬ್ಯಾಗಿನಲ್ಲಿ. ಸಮಿತಿ ರದ್ದು ಮಾಡುವ ಅಧಿಕಾರವೂ ಇಲಾಖೆಗೇ.

ಸಂಸ್ಥೆಗಳ ಪಾಲಿಗೆ ಬಂದ ಕೆಲಸ ಬೇರೆ ತರಹದ್ದು. ಜನರನ್ನು ಕೂಡಿಸುವುದು, ತರಬೇತಿ ಕೊಡುವುದು, ಮೈಕ್ರೋ ಪ್ಲಾನ್ ಬರೆಯಲು ನೆರವಾಗುವುದು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಕೆರೆ ಎಲ್ಲಿ, ಕಾಡು ಎಲ್ಲಿ ಎಂದು ಕಲ್ಲು-ಎಲೆ ಇಡಿಸುವ ಪದ್ಧತಿ ಆಗಲೇ ಬಂದದ್ದು. ಒಳ್ಳೆಯ ಪದ್ಧತಿ. ಓದು ಬರದ ಅಜ್ಜಿಯೂ ಅಲ್ಲಿ ಮಾತಾಡಬಲ್ಲಳು. ಆದರೆ ಆ ಅಜ್ಜಿ ಇಟ್ಟ ಎಲೆ ಕೊನೆಗೆ ಯೋಜನೆಯಲ್ಲಿ ಯಾವ ಗಿಡವಾಗಿ ಬಂತು ಎಂದು ಕೇಳಿದರೆ, ಉತ್ತರ ಕನ್ನಡದ ಎಷ್ಟೋ ಊರುಗಳಲ್ಲಿ ಉತ್ತರ ಒಂದೇ: ಅಕೇಶಿಯಾ. ನೀಲಗಿರಿ ಹೋಗಿ ಅಕೇಶಿಯಾ ಬಂತು. ಇದನ್ನೂ ದನ ತಿನ್ನುವುದಿಲ್ಲ.

ಇನ್ನೊಂದು ಮಾತನ್ನು ಸಂಸ್ಥೆಗಳ ಗೆಳೆಯರಿಗೆ ಬೇಸರವಾದರೂ ಹೇಳಬೇಕು. ಸಂಸ್ಥೆಯವರನ್ನು ಕೇಳಿದರೆ ಊರನ್ನು ಕೇಳಿದಂತಾಗುವುದಿಲ್ಲ. ಉತ್ತರ ಕನ್ನಡದಲ್ಲಿ ಅಡಿಕೆ ತೋಟವಿದ್ದವರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಸೊಪ್ಪು, ದರಕು, ಕಟ್ಟಿಗೆ ಅವರಿಗೆ ಅಲ್ಲೇ ಸಿಗುತ್ತದೆ. ತೋಟವಿಲ್ಲದವರಿಗೆ, ಕಟ್ಟಿಗೆ ಹೊರೆ ಹೊತ್ತು ಪೇಟೆಯಲ್ಲಿ ಮಾರುವ ಹೆಂಗಸಿಗೆ, ಕುರಿ ಮೇಯಿಸುವವನಿಗೆ ಬಯಲು ಕಾಡೇ ಗತಿ. ನೆಡುತೋಪು ಮಾಡಿ ಬೇಲಿ ಹಾಕಿದ ದಿನ ಮೊದಲು ಹೊರಗೆ ನಿಂತವರು ಅವರು. ಸಭೆಯಲ್ಲಿ ಅವರು ಕೂತಿದ್ದರೆ ಇದೇ ಜಾಗಕ್ಕೆ ಬೇಲಿ ಹಾಕಿ ಎನ್ನುತ್ತಿದ್ದರೇ? ಆದರೆ ಕೂಲಿ ಬಿಟ್ಟು ಮಧ್ಯಾಹ್ನ 11 ಗಂಟೆಯ ಸಭೆಗೆ ಬರುವವರು ಯಾರು?

1997ರಲ್ಲಿ ಈ ಯೋಜನೆಯನ್ನು ಸ್ವತಂತ್ರವಾಗಿ ಪರಿಶೀಲಿಸಿದ ತಂಡದಲ್ಲಿ ಎನ್.ಸಿ. ಸಕ್ಸೇನಾ, ಮಧು ಸರೀನ್ ಮುಂತಾದವರಿದ್ದರು. ಪಾಲುದಾರಿಕೆ ಎಷ್ಟು ನಿಜ, ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಆ ವರದಿ ಎತ್ತಿತ್ತು. ಆಮೇಲೆ ಜಪಾನ್ ಸಾಲದ ಯೋಜನೆಗಳು ಬಂದವು, 2005ರಲ್ಲಿ ದೊಡ್ಡದೊಂದು ಶುರುವಾಯಿತು, ಸಮಿತಿಗಳ ಸಂಖ್ಯೆ ಇನ್ನೂ ಏರಿತು. ಸಮುದಾಯ ಭವನ, ಪಾತ್ರೆ ಸೆಟ್ಟು, ಗ್ಯಾಸ್ ಒಲೆಯಂಥವು ಮೊದಲು ಕೊಟ್ಟು ಜನರನ್ನು ಹತ್ತಿರ ಮಾಡಿಕೊಳ್ಳುವುದು ಈಗ ಎಲ್ಲ ಯೋಜನೆಗಳ ರೂಢಿ. ತಪ್ಪಲ್ಲ. ಆದರೆ ಪಾತ್ರೆ ಸೆಟ್ಟು ಬಂದ ಮೇಲೆ ಯಾವ ಗಿಡ ಎಂದು ತಕರಾರು ಮಾಡುವುದು ಕಷ್ಟ. ವರದಿಗಾರಿಕೆಗೆಂದು ಹೋದ ಊರುಗಳಲ್ಲಿ ನಾವು ಸಮಿತಿಯ ನಡಾವಳಿ ಪುಸ್ತಕ ಕೇಳುತ್ತೇವೆ. ಕೆಲವು ಕಡೆ ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ ಮೂರು ವರ್ಷದ ಸಭೆಗಳು ಇರುತ್ತವೆ.

ಈಗ ಕಾಲವೂ ಬೇರೆ. 2003ರಲ್ಲಿ ಕೇಂದ್ರ ಸರ್ಕಾರ ಸಣ್ಣ ದಾನಿ ದೇಶಗಳ ನೇರ ನೆರವು ಬೇಡ, ಕೊಡುವುದಿದ್ದರೆ ಸಂಸ್ಥೆಗಳ ಮೂಲಕ ಕೊಡಿ ಎಂದಿತು. 2015ಕ್ಕೆ ಬ್ರಿಟನ್ ಭಾರತಕ್ಕೆ ಕೊಡುತ್ತಿದ್ದ ಹಳೇ ಬಗೆಯ ಹಣಕಾಸು ನೆರವು ನಿಲ್ಲಿಸಿತು. 2020ರ ತಿದ್ದುಪಡಿಯ ನಂತರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಯಿಂದ ತಾಲ್ಲೂಕಿನ ಸಣ್ಣ ಸಂಘಕ್ಕೆ ದುಡ್ಡು ಇಳಿಯುತ್ತಿದ್ದ ದಾರಿ ಮುಚ್ಚಿತು. ಉಳಿದಿರುವುದು ವಿಶ್ವಬ್ಯಾಂಕ್, ಜಪಾನ್, ಎಡಿಬಿ ತರಹದ ದೊಡ್ಡ ಸಾಲಗಳು. ಸಾಲ ಎಂದರೆ ತೀರಿಸುವವರು ನಾವೇ, ದಾನವಲ್ಲ.

ಇಂಥ ಸಾಲದ ಯೋಜನೆಗಳಲ್ಲಿ ಪರಿಸರ ಮತ್ತು ಜನರ ಮೇಲಿನ ಪರಿಣಾಮದ ಕರಡು ವರದಿಯನ್ನು ಮಂಜೂರಾತಿಗೆ ಮೊದಲು ಬಹಿರಂಗ ಮಾಡಬೇಕು, ಬಾಧಿತರ ಜೊತೆ ಸಮಾಲೋಚನೆ ಮಾಡಬೇಕು ಎಂಬುದು ಈ ಬ್ಯಾಂಕುಗಳ ಸ್ವಂತ ನಿಯಮ. ವರದಿ ನೂರಾರು ಪುಟದ ಇಂಗ್ಲಿಷಿನಲ್ಲಿ ಇರುತ್ತದೆ. ಸ್ಥಳೀಯ ಭಾಷೆಯಲ್ಲಿ ಸಾರಾಂಶ ಕೇಳುವುದಕ್ಕೆ ನಮಗೆ ಅವಕಾಶವಿದೆ. ಕೇಳಬೇಕಾದದ್ದು ಆಗಲೇ. ಟೆಂಡರ್ ಆದ ಮೇಲೆ ನಡೆಯುವ ಸಭೆಯಲ್ಲಿ ಸಿಗುವುದು ಚಹಾ, ಬಿಸ್ಕತ್ತು ಮತ್ತು ಹಾಜರಿ ಪುಸ್ತಕದಲ್ಲಿ ಸಹಿ.

ನೀಲಗಿರಿಯ ಕತೆ ಏನಾಯಿತು ಎಂದು ಕೇಳಬಹುದು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ತುಮಕೂರಿನ ರೈತರು ನರ್ಸರಿಗೆ ನುಗ್ಗಿ ಆಗ 34 ವರ್ಷವಾಗಿತ್ತು.